ಮೂಗಿಗೆ ಮೀಟರ್

ಆ ದಿನ ಬೆಳಗ್ಗೆ ತುಟಿಮೇಷ್ಟ್ರ ಬಾಯಲ್ಲಿ ಬ್ರೆಡ್ಡಿನ ತುಂಡು ಇದ್ದಿದ್ದರೆ ಇಷ್ಟೆಲ್ಲ ರಾಮಾಯಣ ಆಗುತ್ತಿರಲಿಲ್ಲ. ಬ್ರೆಡ್ಡು ಕೈಯಲ್ಲಿತ್ತು, ಬಾಯಿ ಖಾಲಿ ಇತ್ತು. ಎದುರಿಗೆ ಹೆಂಡತಿಯ ತಮ್ಮ ಕೂತಿದ್ದ. ಇಷ್ಟು ಸಾಕು, ವಾದ ಶುರುವಾಗುವುದಕ್ಕೆ.

ತುಟಿಮೇಷ್ಟ್ರು ಯಾವ ಶಾಲೆಯ ಮೇಷ್ಟ್ರೂ ಅಲ್ಲ. ಹಾಲಿವುಡ್ ಚಿತ್ರಗಳಿಗೆ ನಮ್ಮ ಭಾಷೆಯ ಮಾತು ಬರೆದುಕೊಡುವುದು ಅವರ ಕಸುಬು. ಪರದೆಯ ಮೇಲಿನ ತುಟಿ ಹೇಗೆ ಮುಚ್ಚಿ ತೆರೆಯುತ್ತದೋ ಅದಕ್ಕೆ ಸರಿಯಾಗಿ ಮಾತು ಕೂರಿಸಬೇಕು. ಇದೇ ಕೆಲಸ ಮಾಡಿ ಮಾಡಿ, ಯಾರು ಮಾತಾಡಿದರೂ ಅವರ ತುಟಿಯನ್ನೇ ದಿಟ್ಟಿಸುವ ಚಾಳಿ ಅಂಟಿಕೊಂಡಿತ್ತು. ಈ ಬೀದಿಗೆ ಬಂದ ಹೊಸತರಲ್ಲಿ ಅವರ ಹೆಂಡತಿ ಮನೆಮನೆಗೂ ಹೋಗಿ, "ನಮ್ಮನೆಯವರು ಒಳ್ಳೆಯವರು, ಅದು ಅವರ ಉದ್ಯೋಗ" ಎಂದು ಹೇಳಿ ಬರಬೇಕಾಗಿತ್ತು.

ಇಷ್ಟು ವರ್ಷ ಅವರು ಬರೆದದ್ದಾದರೂ ಏನು? ಡೈನೋಸಾರ್ ಕಂಡವರಿಗೆ "ಓಡ್ರೋ!" ಬಾಂಬು ಕಂಡವರಿಗೆ "ಬಗ್ಗ್ರೋ!" ಮೊಸಳೆ ಕಂಡವರಿಗೆ ಮತ್ತೆ "ಓಡ್ರೋ!" ಈಗ ಮೊದಲ ಸಲ ಅವರ ಕೈಗೆ ರಾಜಕೀಯ ಸಂದೇಶವಿರುವ ಒಂದು ತೂಕದ ಚಿತ್ರ ಸಿಕ್ಕಿತ್ತು. ಅವತ್ತೇ ಸಂಜೆ ಅದರ ವಿಶೇಷ ಪ್ರದರ್ಶನ. ಮೇಷ್ಟ್ರ ಎದೆ ಪೂರಿಯಂತೆ ಉಬ್ಬಿತ್ತು.

"ಹಾಲಿವುಡ್ಡಲ್ಲಿ ರಾಜಕೀಯ ಸಂದೇಶವಾ?" ಎಂದು ಭಾವಮೈದುನ ನಕ್ಕ. ಅವನು ಕಾಲೇಜಿನಲ್ಲಿ ರಾಜ್ಯಶಾಸ್ತ್ರ ಹೇಳುವವನು. ನಕ್ಕರೂ ಪಾಠ ಮಾಡಿದಂತೆಯೇ ಇರುತ್ತಿತ್ತು. "ಭಾವ, ಅದು ಬೆಕ್ಕು ಹಾಲಿನ ಪಾತ್ರೆಗೆ ಕಾವಲು ಕೂತ ಹಾಗೆ. ದೊಡ್ಡ ಕುಳಗಳು ದುಡ್ಡು ಹಾಕ್ತಾರೆ, ದೊಡ್ಡ ಕುಳಗಳನ್ನೇ ಬೈಯೋ ಸಿನಿಮಾ ತೆಗೀತಾರೆ. ನಾವು ಟಿಕೆಟ್ ತಗೊಂಡು ಹೋಗಿ, ಕತ್ತಲಲ್ಲಿ ಕೂತು ಸಿಟ್ಟು ಮಾಡ್ಕೊಂಡು, ಹಗುರ ಆಗಿ ಮನೆಗೆ ಬರ್ತೀವಿ. ಆ ಸಿಟ್ಟು ಅಲ್ಲೇ ಸೀಟಿನ ಕೆಳಗೆ ಪಾಪ್‌ಕಾರ್ನ್ ಜೊತೆ ಬಿದ್ದಿರುತ್ತೆ. ಗುಡಿಸೋರು ಗುಡಿಸಿ ಬಿಸಾಕ್ತಾರೆ."

"ನೀನು ಈ ಚಿತ್ರ ನೋಡಿದೀಯಾ? ನೋಡದೆ ಮಾತಾಡಬೇಡ" ಎಂದರು ಮೇಷ್ಟ್ರು. "ಒಂದು ಗ್ರಹ. ಅಲ್ಲಿನ ರಾಜ ಪ್ರತಿಯೊಬ್ಬರ ಮೂಗಿಗೂ ಮೀಟರ್ ಹಾಕಿಸ್ತಾನೆ. ಎಷ್ಟು ಉಸಿರಾಡ್ತೀಯೋ ಅಷ್ಟು ತೆರಿಗೆ! ಕೊನೆಗೆ ಗಣಿಯಲ್ಲಿ ಕೆಲಸ ಮಾಡೋ ಒಬ್ಬ ಹುಡುಗಿ ಸುತ್ತಿಗೆ ಎತ್ತಿ..."

"ಮೂಗಿಗೆ ಮೀಟರಾ?" ಎಂದಳು ಹೆಂಡತಿ ಅಡುಗೆಮನೆಯಿಂದ. "ನಿಮ್ಮಿಬ್ಬರ ಮಾತಿಗೆ ಭಾರಿ ಬಿಲ್ಲೇ ಬರುತ್ತೆ ಬಿಡಿ."

ಅಷ್ಟು ಹೊತ್ತಿಗೆ ಬಾಗಿಲಲ್ಲಿ ಎದುರುಮನೆಯ ಪೋಸ್ಟ್‌ಮಾಸ್ತರು ನಿಂತಿದ್ದರು. ಅವರು ನಿವೃತ್ತರಾದ ಮೇಲೆ ಪತ್ರಿಕೆ ತರಿಸುವುದನ್ನು ಬಿಟ್ಟಿದ್ದರು, ಓದುವುದನ್ನು ಬಿಟ್ಟಿರಲಿಲ್ಲ. ದಿನಾ ಮೇಷ್ಟ್ರ ಮನೆಗೆ ಬಂದು ಓದುತ್ತಿದ್ದರು. ಮೀಟರ್ ಎಂಬ ಮಾತು ಕಿವಿಗೆ ಬಿದ್ದದ್ದೇ ತಡ, ಅವರ ಮೈಯಲ್ಲಿ ಕರೆಂಟು ಹರಿಯಿತು. ಏಕೆಂದರೆ ಹೋದ ವಾರವಷ್ಟೇ ನೀರು ಸರಬರಾಜು ಮಂತ್ರಿಗಳು, ಇನ್ನು ಮುಂದೆ ಮನೆಯ ಹಿತ್ತಿಲ ಬಾವಿಗೂ ಮೀಟರ್ ಹಾಕಲಾಗುವುದು ಎಂದು ಘೋಷಿಸಿದ್ದರು. ಆ ಮೀಟರಿಗೆ 'ಜಲಮಿತ್ರ' ಎಂದು ಮುದ್ದಾದ ಹೆಸರು ಬೇರೆ. ಬೀದಿಗೆ ಬೀದಿಯೇ ಕುದಿಯುತ್ತಿತ್ತು.

"ಅಂದರೆ ಮೇಷ್ಟ್ರೇ, ನೀವು ಮೀಟರ್ ವಿರುದ್ಧ ಸಿನಿಮಾ ಬರೆದಿದೀರಿ!"

ಇಲ್ಲ ಎನ್ನಬಹುದಿತ್ತು. ಆ ಚಿತ್ರ ತೆಗೆದವರಿಗೆ ನಮ್ಮ ಬಾವಿಯ ಸುದ್ದಿಯೇ ಗೊತ್ತಿಲ್ಲ ಎನ್ನಬಹುದಿತ್ತು. ಆದರೆ ಭಾವಮೈದುನನ ತುಟಿ ಅಣಕದಿಂದ ಓರೆಯಾಗಿದ್ದನ್ನು ಮೇಷ್ಟ್ರು ಕಂಡರು. "ಸಂಜೆ ಬಂದು ನೋಡಿ, ಗೊತ್ತಾಗುತ್ತೆ" ಎಂದು ಗತ್ತಿನಿಂದ ಹೇಳಿ, ತಮ್ಮ ಪಾಲಿಗೆ ಬಂದಿದ್ದ ಪಾಸುಗಳ ಕಟ್ಟನ್ನೇ ಮೇಜಿನ ಮೇಲೆ ಹಾಕಿದರು. ಪೋಸ್ಟ್‌ಮಾಸ್ತರು ಅದನ್ನು ಎತ್ತಿಕೊಂಡರು. ಜೀವಮಾನವಿಡೀ ಕಾಗದ ಹಂಚಿಸಿದ ಕೈ. ಮೇಷ್ಟ್ರು ಬೂಟು ಹಾಕಿಕೊಳ್ಳುವಷ್ಟರಲ್ಲಿ ಬೀದಿಯ ಕೊನೆಯ ಮನೆಗೂ ಪಾಸು ಮುಟ್ಟಿತ್ತು. ಅಲ್ಲಿಗೇ ನಿಂತಿದ್ದರೆ ಚಿಂತೆಯಿರಲಿಲ್ಲ. ಮಾಸ್ತರು ಪಾಸಿನ ಹಿಂದೆ ಅಚ್ಚಾಗಿದ್ದ ನಂಬರಿಗೆ ಫೋನ್ ಮಾಡಿ, ಮೇಷ್ಟ್ರಿಗೆ ಕೆಲಸ ಕೊಡುವ ಡಬ್ಬಿಂಗ್ ಸ್ಟುಡಿಯೋದ ಯಜಮಾನರಿಗೆ, "ಮಂತ್ರಿಯ ಮುಖಕ್ಕೆ ಹೊಡೆದ ಹಾಗೆ ಚಿತ್ರ ತೆಗೆದಿದೀರಂತೆ, ನಿಮ್ಮ ಗುಂಡಿಗೆ ದೊಡ್ಡದು ಸ್ವಾಮಿ" ಎಂದು ಅಭಿನಂದನೆ ಹೇಳಿಬಿಟ್ಟರು.

ಮೇಷ್ಟ್ರು ಸ್ಟುಡಿಯೋ ಮೆಟ್ಟಿಲು ಹತ್ತಿದಾಗ ಯಜಮಾನರು ಬಾಗಿಲಲ್ಲೇ ಕರವಸ್ತ್ರದಿಂದ ಕತ್ತು ಒರೆಸಿಕೊಳ್ಳುತ್ತ ನಿಂತಿದ್ದರು.

"ಏನ್ರೀ ಮೇಷ್ಟ್ರೇ, ನನ್ನ ಹೊಟ್ಟೆ ಮೇಲೆ ಹೊಡೀಬೇಕು ಅಂತ ಎಷ್ಟು ದಿನದಿಂದ ಕಾಯ್ತಿದ್ರಿ?"

"ನಾನೇನು ಮಾಡಿದೆ ಸಾರ್?"

"ಇವತ್ತು ಸಂಜೆ ಮುಖ್ಯ ಅತಿಥಿ ಯಾರು ಗೊತ್ತಾ? ನೀರು ಸರಬರಾಜು ಮಂತ್ರಿಗಳು! ಅವರ ಮುಂದೆ ಮೀಟರು, ತೆರಿಗೆ, ರಾಜನಿಗೆ ಧಿಕ್ಕಾರ! ಸ್ಟುಡಿಯೋಗೆ ಬರೋ ನೀರು ನಿಲ್ಲಿಸ್ತಾರೆ ಅಷ್ಟೇ, ಆಮೇಲೆ ನಾನೂ ನೀವೂ ಬಕೆಟ್ ಹಿಡ್ಕೊಂಡು ಹೋಗಬೇಕು."

"ಚಿತ್ರ ಕೊಳ್ಳೋವಾಗ ನೀವು ನೋಡ್ಲಿಲ್ವಾ ಸಾರ್?"

"ಚಿತ್ರ ಯಾರ್ರೀ ನೋಡ್ತಾರೆ? ಪೋಸ್ಟರ್ ನೋಡಿದೆ. ಹುಡುಗಿ ಕೈಯಲ್ಲಿ ಸುತ್ತಿಗೆ ಇತ್ತು. ಓಡುತ್ತೆ ಅನ್ನಿಸ್ತು, ತಗೊಂಡೆ." ಯಜಮಾನರು ಕರವಸ್ತ್ರ ಹಿಂಡಿದರು. "ಸಂಜೆಯೊಳಗೆ ರಾಜಕೀಯ ಇರೋ ಪ್ರತಿ ಮಾತನ್ನೂ ಬದಲಾಯಿಸಿ."

"ಮಾತು ಬದಲಾಯಿಸಬಹುದು ಸಾರ್. ಮೂಗಿನ ಮೇಲೆ ಮೀಟರ್ ಕಾಣಿಸ್ತಾ ಇದೆಯಲ್ಲ, ಅದಕ್ಕೇನು ಮಾಡೋದು?"

ಯಜಮಾನರು ಕ್ಷಣ ಯೋಚಿಸಿದರು. "ನೆಗಡಿ" ಎಂದರು.

"ಏನು?"

"ಆ ಗ್ರಹದವರಿಗೆಲ್ಲ ನೆಗಡಿ. ಅದು ನೆಗಡಿಗೆ ಹಾಕೋ ಯಂತ್ರ. ರಾಜ ದೊಡ್ಡ ಡಾಕ್ಟ್ರು. ಮುಗೀತಲ್ಲ!"

ಹೀಗೆ ಮೇಷ್ಟ್ರ ಜೀವಮಾನದ ಒಂದೇ ಒಂದು ತೂಕದ ಚಿತ್ರಕ್ಕೆ ನೆಗಡಿ ಹಿಡಿಯಿತು.

ಗಾಜಿನ ಆಚೆಗೆ ಮೈಕಿನ ಮುಂದೆ ಗುಡುಗಣ್ಣ ನಿಂತ. ದುಷ್ಟ ರಾಜನಿಗೆ ಕಂಠ ಕೊಟ್ಟವನು ಅವನೇ. 'ಎರಡು ಟೀ' ಎಂದು ಹೇಳಿದರೂ ಪಕ್ಕದ ಬೀದಿಯ ನಾಯಿಗಳು ಎದ್ದು ನಿಲ್ಲುತ್ತಿದ್ದವು. ಗಾಜಿನ ಈಚೆಗೆ ರೆಕಾರ್ಡಿಂಗ್ ನೋಡಿಕೊಳ್ಳುವ ಸೌಂಡಕ್ಕ ಕಿವಿಗೆ ಹೆಡ್‌ಫೋನ್ ಏರಿಸಿ ಕೂತಳು. ಮೇಷ್ಟ್ರು ಕಾಗದದ ಮೇಲೆ ಗೀಚಿ ಗೀಚಿ ಕೊಟ್ಟರು.

ಪರದೆಯ ಮೇಲೆ ರಾಜ ಸಿಂಹಾಸನದಿಂದೆದ್ದು, ಸರಪಳಿ ಎಳೆಯುತ್ತ ಬರುವ ಜನರತ್ತ ಬೆರಳು ತೋರಿಸಿ ಅಬ್ಬರಿಸುತ್ತಾನೆ. ಮೊದಲು ಅಲ್ಲಿ "ತೆರಿಗೆ ಕಟ್ಟದವನ ಉಸಿರು ನಿಲ್ಲಿಸಿ!" ಎಂದಿತ್ತು. ಈಗ ಗುಡುಗಣ್ಣ ಅಬ್ಬರಿಸಿದ: "ಕೆಮ್ಮು ಬಂದವನ ಹಾಸಿಗೆ ಬದಲಾಯಿಸಿ! ಹ್ಹಹ್ಹಹ್ಹಾ! ಎಲ್ಲರೂ ಬಿಸಿನೀರು ಕುಡೀರಿ!"

ಅಬ್ಬರಿಸಿ ಹೆಡ್‌ಫೋನ್ ಕಿತ್ತ. "ಮೇಷ್ಟ್ರೇ, ಗಂಟಲು ಹರ್ಕೊಂಡು ರಾಕ್ಷಸ ಆಗಿದ್ದೆ. ಈಗ ಕಾಂಪೌಂಡರ್ ಮಾಡಿಬಿಟ್ರಲ್ಲ! ಬಿಸಿನೀರು ಕುಡೀರಿ ಅನ್ನೋಕೆ ಯಾರಾದರೂ ಹೀಗೆ ನಗ್ತಾರಾ?"

"ಉತ್ಸಾಹದ ಡಾಕ್ಟ್ರು ಅಂತ ತಿಳ್ಕೋ ಮಾರಾಯ" ಎಂದರು ಮೇಷ್ಟ್ರು ಹಣೆ ಒತ್ತಿಕೊಳ್ಳುತ್ತ.

ಆಮೇಲೆ ಬಂದದ್ದು ಸೆರೆಮನೆಯ ದೃಶ್ಯ. ಮುದಿ ತಂದೆ ಮಗಳ ತೊಡೆಯ ಮೇಲೆ ಪ್ರಾಣ ಬಿಡುತ್ತಾನೆ. "ನನ್ನ ಕೊನೇ ಉಸಿರಿಗೂ ಬಿಲ್ ಬರುತ್ತೆ ಮಗಳೇ, ಕಟ್ಟಬೇಡ" ಎಂಬ ಮಾತು ಬರೆದ ರಾತ್ರಿ ಮೇಷ್ಟ್ರು ತಾವೇ ಅತ್ತಿದ್ದರು. ಯಜಮಾನರು ಅದನ್ನು ಓದಿ, ಪೆನ್ನು ಕಸಿದು ತಾವೇ ಬರೆದರು: "ನನ್ನ ನೆಗಡಿ ವಾಸಿಯಾಯ್ತು ಮಗಳೇ."

"ಸಾರ್, ಇದನ್ನ ಹೇಳಿ ಅವನು ಸಾಯ್ತಾನೆ! ವಾಸಿಯಾದೋನು ಯಾಕೆ ಸಾಯ್ತಾನೆ?"

"ಸುಸ್ತು ಅಂತ ಇಟ್ಕೊಳ್ಳಿ. ಮುಂದೆ ಹೋಗಿ."

ಮುಂದೆ ಹೋದರೆ ಗಂಟಲಲ್ಲಿ ಮುಳ್ಳು. ಕೊನೆಯ ದೃಶ್ಯದಲ್ಲಿ ಸಾವಿರಾರು ಜನ ಸುತ್ತಿಗೆ, ಗುದ್ದಲಿ, ಪಂಜು ಹಿಡಿದು ಅರಮನೆಗೆ ನುಗ್ಗುತ್ತಾರೆ. ಮುಂದೆ ಆ ಹುಡುಗಿ. ಎಲ್ಲರ ಬಾಯಲ್ಲೂ ಒಂದೇ ಘೋಷಣೆ. ಮೇಷ್ಟ್ರು ಅಲ್ಲಿ "ಉಸಿರು ನಮ್ದಯ್ಯಾ!" ಎಂದು ಬರೆದಿದ್ದರು. ತುಟಿ ಮೊದಲು ಸಿಳ್ಳೆ ಹಾಕುವಂತೆ ದುಂಡಗಾಗುತ್ತದೆ, ಕೊನೆಗೆ ಬಾಯಿ ಹಲ್ಲು ಡಾಕ್ಟರ ಮುಂದೆ ತೆರೆದಷ್ಟು ಅಗಲವಾಗುತ್ತದೆ. ಹುಡುಗಿಯ ಮುಖ ಪರದೆ ತುಂಬ ಇರುವುದರಿಂದ ಚೂರೂ ಮೋಸ ಮಾಡುವ ಹಾಗಿಲ್ಲ.

"ಉಘೇ ರಾಜಾ ಅನ್ನಿಸಿ" ಎಂದರು ಯಜಮಾನರು.

"ಸುತ್ತಿಗೆ ಹಿಡ್ಕೊಂಡು ಉಘೇ ಅಂತಾರಾ ಸಾರ್? ಮಂತ್ರಿಗಳಿಗೆ ಅದು ಇನ್ನೂ ವ್ಯಂಗ್ಯ ಆಗಿ ಕೇಳ್ಸುತ್ತೆ."

"ಹಾಗಾದರೆ ಅರ್ಥವೇ ಇಲ್ಲದ್ದು ಏನಾದರೂ ಬರೀರಿ! ರಾಜಕೀಯದ ವಾಸನೆಯೇ ಇರಬಾರದು."

ಮೇಷ್ಟ್ರು ಬರೆದರು, ಹೊಡೆದರು, ಬರೆದರು, ಹೊಡೆದರು. ಮಧ್ಯಾಹ್ನ ಸರಿದುಹೋಯಿತು. ಕಾಗದದ ಉಂಡೆಗಳು ಕಾಲಬುಡದಲ್ಲಿ ಕೋಳಿಮರಿಗಳಂತೆ ಗುಂಪುಗೂಡಿದವು. ಎಲ್ಲರೂ ಎದ್ದು ಹೋಗಿ ತಿಂದು ಬಂದರೂ ಅವರು ಕುರ್ಚಿ ಬಿಡಲಿಲ್ಲ. ಬಾಗಿಲು ತೆರೆದು ಒಳಗೆ ಬಂದ ಸೌಂಡಕ್ಕ ಅವರ ಬಾಡಿದ ಮುಖ ನೋಡಿ ಮರುಕದಿಂದ ಕೇಳಿದಳು:

"ಮೇಷ್ಟ್ರೇ, ಊಟ ಆಯ್ತಾ?"

ಮೇಷ್ಟ್ರು ಎಂದಿನಂತೆ ಅವಳ ತುಟಿ ನೋಡುತ್ತಿದ್ದರು. ದುಂಡಗಾಯಿತು. ಅಗಲವಾಯಿತು.

"ಇನ್ನೊಂದ್ಸಲ ಹೇಳಮ್ಮ."

"ಊಟ ಆಯ್ತಾ?"

ಪರದೆಯ ಮೇಲೆ ಹುಡುಗಿಯ ಮುಖವನ್ನು ನಿಲ್ಲಿಸಿ ನೋಡಿದರು. ಬೆರಳಿಗೆ ಉಂಗುರ ಕೂತಂತೆ ಕೂತಿತು. ಯಜಮಾನರು ಕುಣಿದಾಡಿದರು. "ಆಹಾ! ಊಟ ಆಯ್ತಾ ಅನ್ನೋದರಲ್ಲಿ ಯಾವ ರಾಜಕೀಯ ಇದೆ, ಹೇಳಿ! ಶತ್ರುಗಳೂ ಕೇಳ್ತಾರೆ. ರಾತ್ರಿ ಹಗಲು ಕಷ್ಟಪಡೋ ಡಾಕ್ಟ್ರು ರಾಜನಿಗೆ ಊಟ ಆಯ್ತಾ ಅಂತ ವಿಚಾರಿಸೋಕೆ ಜನ ಬಂದಿದಾರೆ. ಎಂಥ ಸಂಸ್ಕಾರ!"

"ಸುತ್ತಿಗೆ ಹಿಡ್ಕೊಂಡಾ?" ಎಂದಳು ಸೌಂಡಕ್ಕ.

ಯಜಮಾನರು ಆಗಲೇ ಬಾಗಿಲಿಗೆ ಓಡಿದ್ದರು. ಸ್ಟುಡಿಯೋದಲ್ಲಿದ್ದ ಡ್ರೈವರು, ಕಾವಲುಗಾರ, ಲೆಕ್ಕ ಬರೆಯುವವಳು, ಎಲ್ಲರನ್ನೂ ಮೈಕಿನ ಮುಂದೆ ನಿಲ್ಲಿಸಿ ಕೂಗಿಸಿದರು. ಡಬ್ಬಿಂಗ್ ಮುಗಿಯಿತು. ಆಗ ಮೇಷ್ಟ್ರಿಗೆ ಬೆಳಗಿನ ಪಾಸುಗಳು ನೆನಪಾದವು. ಹೆಂಡತಿಗೆ ಫೋನ್ ಮಾಡಿದರು.

"ಯಾರೂ ಬರೋದು ಬೇಡ ಅನ್ನೇ. ಚಿತ್ರ ಚೆನ್ನಾಗಿಲ್ಲ."

"ಈಗ ಹೇಳ್ತಿದೀರಾ?" ಎಂದಳು ಹೆಂಡತಿ. "ಎಲ್ಲರೂ ಆಗಲೇ ಬಸ್ ಸ್ಟಾಪಲ್ಲಿದೀವಿ. ಟೈಲರಮ್ಮ ಅಂಗಡಿ ಮುಚ್ಚಿ, ಹೊಸ ಸೀರೆ ಉಟ್ಟು ಬಂದಿದಾಳೆ. ನನ್ನ ತಮ್ಮ ನಿಮ್ಮನ್ನ ಹೇಗೆ ಹೀಯಾಳಿಸಬೇಕು ಅಂತ ಈಗಲೇ ಬಾಯಿಪಾಠ ಮಾಡ್ತಿದಾನೆ. ಬಸ್ ಬಂತು, ಇಡ್ತೀನಿ."

ಸಂಜೆ ಪ್ರದರ್ಶನ ಮಂದಿರ ಕಿಕ್ಕಿರಿದಿತ್ತು. ಮೊದಲ ಸಾಲಿನ ಸೋಫಾದಲ್ಲಿ ಮಂತ್ರಿಗಳು ಮಡಿಲಲ್ಲಿ ಪಾಪ್‌ಕಾರ್ನಿನ ದೊಡ್ಡ ಡಬ್ಬ ಇಟ್ಟುಕೊಂಡು ಕೂತಿದ್ದರು. ಪಕ್ಕದಲ್ಲಿ ಯಜಮಾನರು ಮುಳ್ಳಿನ ಮೇಲೆ ಕೂತಿದ್ದರು. ಬೀದಿಯವರದ್ದು ಮಧ್ಯದ ಸಾಲುಗಳು. ಮೇಷ್ಟ್ರು ಮಾತ್ರ ಕಟ್ಟಕಡೆಯ ಸಾಲಿನಲ್ಲಿ, ಹೊರಹೋಗುವ ಬಾಗಿಲಿಗೆ ಭುಜ ತಾಗಿಸಿಕೊಂಡು ಕೂತು, ಭೂಮಿ ಬಾಯಿಬಿಡಲಿ ಎಂದು ಕಾಯುತ್ತಿದ್ದರು.

ರಾಜ ಬಂದ. ಮೂಗಿನ ಯಂತ್ರಗಳು ಬಂದವು. "ಇದು ನಿಮ್ಮ ಆರೋಗ್ಯಕ್ಕಾಗಿಯೇ!" ಎಂದು ಗುಡುಗಣ್ಣನ ಕಂಠ ಗುಡುಗಿತು. ಈಗ ನಗುತ್ತಾರೆ ಎಂದು ಮೇಷ್ಟ್ರು ಕಣ್ಣು ಮುಚ್ಚಿದರು. ಯಾರೂ ನಗಲಿಲ್ಲ. ಕತ್ತಲಲ್ಲಿ ಪೋಸ್ಟ್‌ಮಾಸ್ತರ ಪಿಸುಮಾತು ಕೇಳಿಸಿತು:

"ನೋಡಿದ್ರಾ ಜಾಣತನ! ಮೀಟರ್ ಅನ್ನಲ್ಲ, ಔಷಧಿ ಯಂತ್ರ ಅಂತಾನೆ. ನಮ್ಮವರು ಜಲಮಿತ್ರ ಅಂದ ಹಾಗೆ!"

"ಹೌದಲ್ಲ!" ಎಂದು ಸಾಲಿಗೆ ಸಾಲೇ ನಿಟ್ಟುಸಿರು ಬಿಟ್ಟಿತು.

ಮೇಷ್ಟ್ರು ಒಂದು ಕಣ್ಣು ತೆರೆದರು. ಪರದೆಯ ಮೇಲೆ ಮುದುಕ, "ನನ್ನ ನೆಗಡಿ ವಾಸಿಯಾಯ್ತು ಮಗಳೇ" ಎಂದು ಹೇಳಿ ಕತ್ತು ಚೆಲ್ಲಿದ. ಟೈಲರಮ್ಮ ಹೊಸ ಸೀರೆಯ ಸೆರಗಿನಿಂದ ಕಣ್ಣೊರೆಸಿಕೊಂಡು ಬಿಕ್ಕಿದಳು. "ಸುಳ್ಳು ಹೇಳ್ತಿದಾನೆ ಕಣ್ರೀ ಮುದುಕ! ಸಾಯೋವಾಗಲೂ ಸರ್ಕಾರ ಹೇಳಿಕೊಟ್ಟ ಮಾತನ್ನೇ ಹೇಳ್ತಿದಾನೆ, ಮಗಳಿಗೆ ತೊಂದರೆ ಆಗಬಾರದು ಅಂತ!"

ಭಾವಮೈದುನ ಕುರ್ಚಿಯ ತುದಿಗೆ ಬಂದಿದ್ದ. ಬೆಳಗ್ಗೆ ಓರೆಯಾಗಿದ್ದ ತುಟಿ ಈಗ ತೆರೆದುಕೊಂಡಿತ್ತು.

ಆಮೇಲೆ ಬಂತು ಕೊನೆಯ ದೃಶ್ಯ. ಎಲುಬು ಕಾಣುವ ಜನ, ಹರಕು ಬಟ್ಟೆ, ಕೈಯಲ್ಲಿ ಸುತ್ತಿಗೆ, ಕಣ್ಣಲ್ಲಿ ಬೆಂಕಿ. ಅರಮನೆಯ ಕಿಟಕಿಯಲ್ಲಿ ದುಂಡು ದುಂಡಗಿನ ರಾಜ ನಡುಗುತ್ತ ನಿಂತಿದ್ದಾನೆ. ಹುಡುಗಿ ಸುತ್ತಿಗೆ ಮೇಲೆತ್ತಿ ಚೀರಿದಳು:

"ಊಟ ಆಯ್ತಾ?"

ಸಾವಿರ ಕಂಠ ದನಿಗೂಡಿಸಿತು: "ಊಟ ಆಯ್ತಾ?"

 ಟೈಲರಮ್ಮ ಎದ್ದು ನಿಂತಳು. "ಕೇಳೇ ಮಗಳೇ, ಕೇಳು! ನಮ್ಮ ಹೊಟ್ಟೆಗೆ ಕಲ್ಲು ಹಾಕಿದೋನಿಗೆ ಊಟ ಆಯ್ತಾ ಕೇಳು!" ಪೋಸ್ಟ್‌ಮಾಸ್ತರು ಎದ್ದರು. ಬೀದಿಗೆ ಬೀದಿಯೇ ಎದ್ದಿತು. ಮೊದಲ ಸಾಲಿನಲ್ಲಿ ಪಾಪ್‌ಕಾರ್ನ್ ಬಾಯಿಗೆ ಹಾಕಿಕೊಳ್ಳುತ್ತಿದ್ದ ಮಂತ್ರಿಗಳ ಬೆನ್ನಿಗೆ ಬೆರಳು ತೋರಿಸಿ, ಮಂದಿರದ ಚಾವಣಿ ಹಾರಿಹೋಗುವಂತೆ ಕೂಗಿದರು: "ಊಟ ಆಯ್ತಾ? ಊಟ ಆಯ್ತಾ? ಊಟ ಆಯ್ತಾ?"

ದೀಪಗಳು ಹತ್ತಿದವು. ಭಾವಮೈದುನ ಕುರ್ಚಿಗಳನ್ನು ದಾಟಿ ಓಡಿಬಂದು ಮೇಷ್ಟ್ರನ್ನು ತಬ್ಬಿಕೊಂಡ. "ಭಾವ, ನಾನು ಸೋತೆ. ಇಷ್ಟು ವರ್ಷ ಪಾಠ ಹೇಳಿದ್ದೆಲ್ಲ ದಂಡ. ಎರಡೇ ಎರಡು ಪದ! ಅದರಲ್ಲಿ ಇಡೀ ಅರ್ಥಶಾಸ್ತ್ರ ಇಟ್ಟುಬಿಟ್ರಲ್ಲ! ಹೇಗೆ ಹೊಳೀತು ನಿಮಗೆ?"

ನಿಜ ಹೇಳುವುದಕ್ಕೆ ಅದೇ ಸರಿಯಾದ ಗಳಿಗೆ. ಮೇಷ್ಟ್ರ ನಾಲಗೆಯ ತುದಿಯವರೆಗೂ ಬಂದಿತ್ತು. ಆದರೆ ಜೀವಮಾನದಲ್ಲಿ "ಓಡ್ರೋ" ಎಂದು ಬರೆದು ಯಾರಿಂದಲೂ ಹೊಗಳಿಸಿಕೊಳ್ಳದ ಮನುಷ್ಯ. "ಜನರ ನೋವು ಎದೆಯಲ್ಲಿದ್ದರೆ ಮಾತು ತಾನೇ ಬರುತ್ತಪ್ಪ" ಎಂದುಬಿಟ್ಟರು.

ಅಷ್ಟರಲ್ಲಿ ಮೊದಲ ಸಾಲಿನಲ್ಲಿ ಮಂತ್ರಿಗಳು ಎದ್ದರು. ಅವರ ಕತ್ತು ಕೆಂಪಾಗಿತ್ತು, ಹೆಗಲು ಅದುರುತ್ತಿತ್ತು.  "ನಾನಲ್ಲ ಸಾರ್, ಬರೆದೋರು ಅವರು, ಅಲ್ಲಿದಾರೆ ನೋಡಿ, ಕೊನೇ ಸಾಲು!" ಎಂದು ಯಜಮಾನರು ಕೈಚಾಚಿ ತೋರಿಸಿಬಿಟ್ಟರು.

ಮಂತ್ರಿಗಳು ತಿರುಗಿದರು. ಕಣ್ಣಿಂದ ಧಾರಾಕಾರ ನೀರು.

"ಮಹಾಜನರೇ," ಎಂದರು ಗದ್ಗದವಾಗಿ, "ಎಷ್ಟೋ ವರ್ಷದಿಂದ ಜನಸೇವೆ ಮಾಡ್ತಿದೀನಿ. ಬಂದೋರೆಲ್ಲ ರಸ್ತೆ ಆಯ್ತಾ, ಮೋರಿ ಆಯ್ತಾ, ನಮ್ಮ ಹುಡುಗನ ಟ್ರಾನ್ಸ್‌ಫರ್ ಆಯ್ತಾ ಅಂತಲೇ ಕೇಳ್ತಾರೆ. ಊಟ ಆಯ್ತಾ ಅಂತ ಒಬ್ಬ, ಒಬ್ಬನಾದರೂ ಕೇಳಿಲ್ಲ. ಇವತ್ತು ನೀವೆಲ್ಲ ಎದ್ದು ನಿಂತು, ನನ್ನನ್ನೇ ತೋರಿಸಿ, ಒಕ್ಕೊರಲಲ್ಲಿ ಕೇಳಿದ್ರಿ!" ಶಾಲಿನ ಅಂಚಿನಿಂದ ಮೂಗು ಒರೆಸಿಕೊಂಡರು. "ಆ ರಾಜನಾದರೂ ಎಂಥ ಡಾಕ್ಟ್ರು! ಅವನು ಯಂತ್ರ ಹಾಕಿದ, ಜನ ಮೊದಲು ಗೊಣಗಿದರು, ಕೊನೆಗೆ ಅರಮನೆವರೆಗೂ ಬಂದು ಊಟ ವಿಚಾರಿಸಿದರು. ನಮ್ಮ ಜಲಮಿತ್ರದ ಕಥೆಯೂ ಹೀಗೇ ಆಗುತ್ತೆ ಅಂತ ನನಗೀಗ ಧೈರ್ಯ ಬಂತು. ಇನ್ನುಮೇಲೆ ನಮ್ಮ ಇಲಾಖೆಯೋರು ಯಾರ ಮನೆಗೆ ಮೀಟರ್ ಹಾಕೋಕೆ ಹೋದರೂ, ಬಾಗಿಲಲ್ಲಿ ಮೊದಲು ಊಟ ಆಯ್ತಾ ಅಂತ ಕೇಳ್ತಾರೆ. ಇದು ನನ್ನ ಆಜ್ಞೆ!"

"ಆ ಸಾಲು ನಾನೇ ಹೇಳಿ ಬರೆಸಿದ್ದು ಸಾರ್" ಎಂದರು ಯಜಮಾನರು ತಕ್ಷಣ.

ಮಂತ್ರಿಗಳಿಗೆ ಅದು ಕೇಳಿಸಲಿಲ್ಲ. ಅವರು ತೋಳು ಚಾಚಿಕೊಂಡು ಕೊನೆಯ ಸಾಲಿನತ್ತ ನಡೆದರು. ಮೇಷ್ಟ್ರು ಬಾಗಿಲು ತಳ್ಳಿ ನೋಡಿದರು. ಅದು ಒಳಗೆ ಎಳೆಯುವ ಬಾಗಿಲಾಗಿತ್ತು.

"ಕೇಳಿದ್ರಲ್ಲ ಸ್ವಾಮಿ, ಊಟ ಆಯ್ತಾ ಅಂತ? ಆಗಿಲ್ಲ!" ಎಂದು ಮಂತ್ರಿಗಳು ಅವರನ್ನು ಎದೆಗೆ ಅವುಚಿಕೊಂಡರು. "ನಾಳೆ ಮಧ್ಯಾಹ್ನ ನಿಮ್ಮನೇಲೇ ಮಾಡ್ತೀನಿ. ಇಲಾಖೆಯೋರು, ಪತ್ರಿಕೆಯೋರು, ಎಲ್ಲರನ್ನೂ ಕರ್ಕೊಂಡು ಬರ್ತೀನಿ. ಬಂದೋನು ಹಾಗೇ, ಈ ಊರಿನ ಮೊಟ್ಟಮೊದಲ ಜಲಮಿತ್ರನ್ನ ನಿಮ್ಮ ಬಾವಿಗೇ, ನನ್ನ ಕೈಯಾರೆ ಹಾಕ್ತೀನಿ. ಆ ಬೀದಿಯಿಂದಲೇ ಶುರು!"

ಮಂತ್ರಿಗಳು ಪರಿವಾರದೊಡನೆ ಹೊರನಡೆದರು; ಕಾರುಗಳ ಬಾಗಿಲು ಸಾಲಾಗಿ ಮುಚ್ಚಿಕೊಂಡ ಸದ್ದು ಕೇಳಿಸಿತು. ಪೋಸ್ಟ್‌ಮಾಸ್ತರು ಮೇಷ್ಟ್ರನ್ನು ಅಡಿಯಿಂದ ಮುಡಿವರೆಗೆ ನೋಡಿದರು. "ಓಹೋ, ಹೀಗೋ ವಿಷಯ! ನಾವು ಮೀಟರ್ ವಿರುದ್ಧ ಅಂದ್ಕೊಂಡ್ವಿ. ನೀವು ಮೀಟರನ್ನ ಮನೆಗೇ ಕರೆಸ್ಕೊಂಡ್ರಿ. ನಾಳೆಯಿಂದ ನಾನು ಪೇಪರ್ ಬೇರೆ ಕಡೆ ಓದ್ಕೋತೀನಿ."

ಟೈಲರಮ್ಮ ಹಾದುಹೋಗುವಾಗ ಸೆರಗನ್ನು ಅವರಿಗೆ ತಾಗದಂತೆ ಎಳೆದುಕೊಂಡಳು.

"ಅಲ್ರೀ, ನಾನು ಸಂದೇಶ ಬರೆದಿದ್ದೆ" ಎಂದು ಮೇಷ್ಟ್ರು ಅವರ ಬೆನ್ನಿಗೆ ಕೂಗಿದರು. "ಅದನ್ನ ತೆಗೆಸಿದರು. ತೆಗೆದ ಮೇಲೆ ನೀವೇ ಹಾಕ್ಕೊಂಡ್ರಿ. ಹಾಕ್ಕೊಂಡದ್ದನ್ನ ಆ ಮನುಷ್ಯ ನುಂಗಿದ. ಇದರಲ್ಲಿ ನನ್ನ ತಪ್ಪೇನಿದೆ?"

ಬೀದಿಯವರು ಹೊರಗೆ ನಡೆದೇಬಿಟ್ಟರು. ಆಮೇಲೆ ಹತ್ತಿರ ಬಂದವನು ಭಾವಮೈದುನ. ಅವನ ತುಟಿ ಮತ್ತೆ ಓರೆಯಾಗಿತ್ತು. "ಭಾವ, ನಾನು ಸೋತೆ ಅಂದದ್ದನ್ನ ವಾಪಸ್ ತಗೋತೀನಿ" ಎಂದ. "ನಿಮ್ಮನ್ನ ಮುಂದಿನ ವಾರ ಕ್ಲಾಸಲ್ಲಿ ಉದಾಹರಣೆ ಕೊಡ್ತೀನಿ. ಬೇಜಾರ್ ಮಾಡ್ಕೋಬೇಡಿ."

ಮೇಷ್ಟ್ರು ಬಾಗಿಲ ಪಕ್ಕದ ಕುರ್ಚಿಯಲ್ಲಿ ಕುಸಿದರು. ಹೆಂಡತಿ ಬಂದು ಎದುರು ನಿಂತಳು. ಅವಳು ಬೈಯಲಿಲ್ಲ, ಅಳಲಿಲ್ಲ. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡಳು.

"ನಾಳೆ ಊಟಕ್ಕೆ ಎಷ್ಟು ಜನವಂತೆ?"

"ಗೊತ್ತಿಲ್ಲ ಕಣೇ."

"ಓಡಿ, ಮಂತ್ರಿಗಳು ಇನ್ನೂ ಗೇಟಿನ ಹತ್ರ ಇರ್ತಾರೆ" ಎಂದಳು. "ಬೇಡದ್ದನ್ನೆಲ್ಲ ಮೈಕಲ್ಲಿ ಕೂಗಿ ಕೇಳಿದ್ರಲ್ಲ, ಇದೊಂದನ್ನೂ ಕೇಳ್ಕೊಂಡು ಬನ್ನಿ."